ಆಂಬಲ್‌ಸೈಡ್ ಆನ್‌ಲೈನ್, ಮೊದಲ ವರ್ಷ: ವಿಧಾನ ಗಟ್ಟಿ, ಚರಿತ್ರೆಯನ್ನು ತಿದ್ದಿಕೊಳ್ಳಬೇಕು

ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಕ್ರೈಸ್ತ ಕುಟುಂಬಗಳಿಗೆ ಉಚಿತವಾಗಿ ಸಿಗುವ ಪಠ್ಯಕ್ರಮಗಳಲ್ಲಿ ಆಂಬಲ್‌ಸೈಡ್ ಆನ್‌ಲೈನ್‌ನಷ್ಟು ಕಾಳಜಿಯಿಂದ ಕಟ್ಟಿದ್ದು ಅಪರೂಪ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಅವರ ವಿಧಾನವನ್ನು ಆಧರಿಸಿ ಸ್ವಯಂಸೇವಕರು ಇದನ್ನು ನಡೆಸುತ್ತಾರೆ. ವರ್ಷಕ್ಕೆ 36 ವಾರ. 12 ವಾರಗಳ ಮೂರು ಅವಧಿ. ಪ್ರತಿ ಅವಧಿಯ ಕೊನೆಗೆ ಪರೀಕ್ಷೆ. ಪುಸ್ತಕಗಳಲ್ಲಿ ಬಹಳಷ್ಟು ಹಕ್ಕುಸ್ವಾಮ್ಯ ಮುಗಿದ ಹಳೆಯವು, ಉಚಿತ ಇ-ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಸಿಗುತ್ತವೆ. ಭೂಗೋಳಕ್ಕೆ ಇಟ್ಟಿರುವ 'ಪ್ಯಾಡಲ್ ಟು ದ ಸೀ'ಯಂಥ ಕೆಲವನ್ನು ಮಾತ್ರ ಕೊಳ್ಳಬೇಕು.

ಆರು ವರ್ಷ ತುಂಬುವ ಮೊದಲು ಕೂರಿಸಿ ಪಾಠ ಹೇಳಬಾರದು ಎನ್ನುವುದು ಮೇಸನ್ ಅವರ ನಿಲುವು. ಅದಕ್ಕೆ ಮುಂಚಿನ ಮಕ್ಕಳಿಗೆ ಕಥೆ, ಹಾಡು, ಬಯಲಿನ ಆಟ ಸಾಕು. ಐದಕ್ಕೇ ಮೊದಲ ವರ್ಷದ ಪಟ್ಟಿ ಹಿಡಿದರೆ ಎರಡನೇ ಅವಧಿಯ ಹೊತ್ತಿಗೆ ಮಗು ಪುಸ್ತಕ ಕಂಡರೆ ಮುಖ ತಿರುಗಿಸುವ ಅಪಾಯವಿದೆ.

ಇಡೀ ಕ್ರಮ ನಿಂತಿರುವುದು ಕೇಳಿದ್ದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದರ ಮೇಲೆ. ಹಿಂದಿನ ಪಾಠವನ್ನು ಎರಡು ವಾಕ್ಯದಲ್ಲಿ ನೆನಪಿಸಿ. ಹೊಸ ಹೆಸರುಗಳು ಎರಡೋ ಮೂರೋ ಇದ್ದರೆ ಸ್ಲೇಟಿನ ಮೇಲೆ ಬರೆದಿಡಿ. ಒಂದೇ ಸಲ ಓದಿ, ಪುಸ್ತಕ ಮುಚ್ಚಿ, "ಈಗ ನೀನು ಹೇಳು ಮರಿ" ಎಂದು ಸುಮ್ಮನಿರಿ. ಕೆಡುವುದು ಇಲ್ಲೇ. ಮಗು ತಡವರಿಸಿದಾಗ ಅಮ್ಮ ಪ್ರಶ್ನೆ ಕೇಳತೊಡಗಿದರೆ ಅದು ಕಥೆ ಬಿಟ್ಟು ಉತ್ತರ ಹುಡುಕುತ್ತದೆ. ಎರಡನೇ ಸಲ ಓದುತ್ತಾರೆಂದು ಗೊತ್ತಾದರೆ ಮೊದಲ ಸಲ ಕಿವಿಗೊಡುವುದಿಲ್ಲ. ತಪ್ಪಿದ್ದರೆ ಪೂರ್ತಿ ಹೇಳಿ ಮುಗಿಸಿದ ಮೇಲೆ ತಿದ್ದಿ. ಪಾಠ 15–20 ನಿಮಿಷ ದಾಟಬಾರದು. ಇಂಗ್ಲಿಷ್ ಮನೆಮಾತಲ್ಲದ ಮಗುವಿಗೆ ಅಧ್ಯಾಯವನ್ನು ಎರಡಾಗಿ ಒಡೆಯಿರಿ. ಕೇಳುವುದು ಇಂಗ್ಲಿಷಿನಲ್ಲಾದರೂ ಹೇಳುವುದು ಕನ್ನಡದಲ್ಲಿರಲಿ.

ಚರಿತ್ರೆಯ ಮುಖ್ಯ ಪುಸ್ತಕ 1905ರ 'ಅವರ್ ಐಲ್ಯಾಂಡ್ ಸ್ಟೋರಿ'. ಭಾಷೆ ಸೊಗಸು, ಕಥನ ಸಲೀಸು. ಆದರೆ ಅದು ಶುರುವಾಗುವುದೇ ಕಡಲದೇವ ನೆಪ್ಚೂನನ ಮಗ ಆಲ್ಬಿಯನ್‌ನಿಂದ. ಅಲ್ಲಿಂದ ಜೂಲಿಯಸ್ ಸೀಸರ್, ಆರ್ಥರ್, ಆಲ್ಫ್ರೆಡ್ ಎಲ್ಲರೂ ಒಂದೇ ದನಿಯಲ್ಲಿ ಬರುತ್ತಾರೆ. ಇದು ಕಥೆಪುಸ್ತಕ, ಚರಿತ್ರೆಯ ಪಾಠವಲ್ಲ ಎಂದು ಲೇಖಕಿಯೇ ಮುನ್ನುಡಿಯಲ್ಲಿ ಹೇಳಿದ್ದಾರೆ, ಮಗುವಿಗೆ ಅದನ್ನು ನಾವು ಹೇಳಬೇಕು. ಸತ್ಯವೇದದ ಘಟನೆಗಳನ್ನು ನಿಜವೆಂದು ಕಲಿಸುವ ಮನೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು: ಆಲ್ಬಿಯನ್‌ನನ್ನೂ ದಾವೀದನನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಮಗು ಮುಂದೆ ಇಬ್ಬರನ್ನೂ ಒಟ್ಟಿಗೇ ಅನುಮಾನಿಸೀತು.

ಇದಕ್ಕೆ ಒಳ್ಳೆಯ ಉಪಾಯ ಗೋಡೆಯ ಮೇಲಿನ ಕಾಲಪಟ್ಟಿ. ಶತಮಾನಕ್ಕೆ 10 ಸೆಂ.ಮೀ. ಇಟ್ಟರೆ ಕ್ರಿ.ಪೂ. 2000ದಿಂದ ಕ್ರಿ.ಶ. 2000ದವರೆಗೆ ನಾಲ್ಕು ಮೀಟರ್ ಕಾಗದ ಸಾಕು. ದಂತಕಥೆಯವರಿಗೆ ಪಟ್ಟಿಯಲ್ಲಿ ಜಾಗವಿಲ್ಲ, ಅವರ ಚಿತ್ರ ಬೇರೆ ಹಾಳೆಗೆ. ಬ್ರಿಟನ್ನಿನ ರಾಜರ ಕೆಳಗೆ ನಮ್ಮವರನ್ನೂ ಬರೆಯಿರಿ. ಆಲ್ಫ್ರೆಡ್ ಪಟ್ಟಕ್ಕೆ ಬಂದದ್ದು 871ರಲ್ಲಿ. ಆಗ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಇನ್ನೂ ಆಳುತ್ತಿದ್ದ. ಆಲ್ಫ್ರೆಡ್ ಲ್ಯಾಟಿನ್ ಗ್ರಂಥಗಳನ್ನು ತನ್ನ ಜನರ ಮಾತಿಗೆ ತರಿಸಿದ. ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ಇವರಿಬ್ಬರನ್ನು ಅಕ್ಕಪಕ್ಕ ಕಂಡ ಕನ್ನಡದ ಮಗುವಿಗೆ ಚರಿತ್ರೆ ಪರದೇಶದವರ ಕಥೆಯಾಗಿ ಉಳಿಯುವುದಿಲ್ಲ. ಇದೇ ಪುಸ್ತಕದ ಮುಂದಿನ ಭಾಗದಲ್ಲಿ ಕಲ್ಕತ್ತದ ಕತ್ತಲೆ ಕೋಣೆ (1756ರಲ್ಲಿ ಬ್ರಿಟಿಷ್ ಸೆರೆಯಾಳುಗಳು ಉಸಿರುಗಟ್ಟಿ ಸತ್ತರೆನ್ನುವ ಪ್ರಸಂಗ), 1857ರ ದಂಗೆ ಬರುತ್ತವೆ, ಎರಡೂ ಸಾಮ್ರಾಜ್ಯದ ಕಣ್ಣಿನಿಂದ ಬರೆದವು. ಆ ಅಧ್ಯಾಯಗಳನ್ನು ಬಿಟ್ಟು ಭಾರತೀಯ ಲೇಖಕರದನ್ನು ಓದಿಸುವುದೇ ಸರಿ.

ನಂಬಿಕೆಯ ಭಾಗ ಈ ಕ್ರಮದ ದೊಡ್ಡ ಬಲ. ಬಣ್ಣ ತುಂಬುವ ಹಾಳೆಗಳಿಲ್ಲ, ಬೈಬಲ್ ಪಠ್ಯವನ್ನೇ ಓದುವುದು, ಮಗು ತಿರುಗಿ ಹೇಳುವುದು. ಕನ್ನಡ ಸತ್ಯವೇದದಿಂದ ಆದಿಕಾಂಡವನ್ನೋ ಲೂಕನ ಸುವಾರ್ತೆಯನ್ನೋ ಹೀಗೆ ಓದಿದರೆ ಭಾಷೆಯೂ ಜೊತೆಗೇ ಬರುತ್ತದೆ. ಕ್ರೈಸ್ತ ಸಭೆಯ ಚರಿತ್ರೆಗೆಂದು ಇಟ್ಟಿರುವ 'ಟ್ರಯಲ್ ಅಂಡ್ ಟ್ರಯಂಫ್' ಬಗ್ಗೆ ಮಾತ್ರ ತಕರಾರಿದೆ. ಎರಡನೇ ಶತಮಾನದ ಬಿಷಪ್ ಪಾಲಿಕಾರ್ಪನನ್ನು ಬೆಂಕಿಗೆ ಹಾಕುವುದು ಆರು ವರ್ಷದವರ ನಿದ್ದೆ ಕೆಡಿಸುವ ಪ್ರಸಂಗ. ಮೊದಲು ದೊಡ್ಡವರು ಓದಿ ನೋಡಿ, ಹುತಾತ್ಮರ ಅಧ್ಯಾಯಗಳನ್ನು ಎಂಟು-ಒಂಬತ್ತರ ವಯಸ್ಸಿಗೆ ಮುಂದೂಡಿ. ಆ ಜಾಗಕ್ಕೆ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್, 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಮೋಗ್ಲಿಂಗ್, ನಿಘಂಟಿನ ಕಿಟೆಲ್ ಚೆನ್ನಾಗಿ ಹೊಂದುತ್ತಾರೆ.

ಪಕ್ಷಿಪಾಠಕ್ಕಿರುವ ಬರ್ಜೆಸ್ ಪುಸ್ತಕದ್ದೆಲ್ಲ ಅಮೆರಿಕದ ಹಕ್ಕಿಗಳು. ಡಲ್ಲಾಸಿನಲ್ಲಿರುವ ಕನ್ನಡದ ಕುಟುಂಬಕ್ಕೆ ಸರಿ. ಧಾರವಾಡದಲ್ಲಿ ಕಿಟಕಿಯಾಚೆ ಕಾಣುವ ಪಿಕಳಾರ, ಗೊರವಂಕಗಳಿಂದ ಶುರು ಮಾಡಿ.

ಗಣಿತವೂ ಅಕ್ಷರ ಕಲಿಸುವ ಪಾಠವೂ ಇದರಲ್ಲಿ ಸೇರಿಲ್ಲ, ಬೇರೆಯೇ ಆರಿಸಿಕೊಳ್ಳಬೇಕು. ಭಾರತದಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಹಾದಿ ಹಿಡಿಯುವವರು ಗಣಿತವನ್ನು ಮೊದಲ ವರ್ಷದಿಂದಲೇ ನಮ್ಮ ಪಠ್ಯಪುಸ್ತಕದ ಕ್ರಮದಲ್ಲಿ ನಡೆಸುವುದು ಒಳಿತು.