ಯೂರೋ: ಸೇರುವ ಮುನ್ನ ಶಿಸ್ತು, ಸೇರಿದ ಮೇಲೆ ಸಡಿಲ

ಯುರೋಪಿನ ಹಲವು ದೇಶಗಳ ಸಮಾನ ಕರೆನ್ಸಿಯಾದ ಯೂರೋ, ತನ್ನೊಳಗೆ ಸೇರುವವರೆಗೆ ಸರ್ಕಾರಗಳಿಂದ ಚೆನ್ನಾಗಿಯೇ ಕೆಲಸ ಮಾಡಿಸುತ್ತದೆ. ಬಜೆಟ್ ಕೊರತೆ ಜಿಡಿಪಿಯ ಶೇ. 3 ಮೀರಬಾರದೆಂಬ ಮಾಸ್ಟ್ರಿಕ್ಟ್ ಒಪ್ಪಂದದ (ಯೂರೋ ಸೇರುವ ನಿಯಮಗಳನ್ನು ಹಾಕಿದ ಒಪ್ಪಂದ) ಷರತ್ತಿಗಾಗಿ ಇಟಲಿ ವಿಶೇಷ ‘ಯೂರೋ ತೆರಿಗೆ’ಯನ್ನೇ ಹಾಕಿತ್ತು.

ತೊಂದರೆ ಶುರುವಾಗುವುದು ಒಳಗೆ ಬಂದ ಮೇಲೆ. 2001ರಲ್ಲಿ ಸೇರಿದ ಗ್ರೀಸ್‌ಗೆ ಹೆಚ್ಚುಕಮ್ಮಿ ಜರ್ಮನಿಯ ಬಡ್ಡಿದರದಲ್ಲೇ ಸಾಲ ಸಿಕ್ಕಿತು. ಪಿಂಚಣಿ, ತೆರಿಗೆ ವಸೂಲಿ ಸರಿಪಡಿಸುವ ಒತ್ತಡ ಕರಗಿತು. ಕೊರತೆಯ ಮಿತಿ ಮೀರಿದರೆ ದಂಡ ಹಾಕುವ ನಿಯಮವೇನೋ ಇತ್ತು. ಆದರೆ 2003ರ ನವೆಂಬರ್‌ನಲ್ಲಿ, ಮಿತಿ ಮೀರಿದ್ದ ಜರ್ಮನಿ, ಫ್ರಾನ್ಸ್ ಮೇಲಿನ ಕ್ರಮವನ್ನು ಐರೋಪ್ಯ ಒಕ್ಕೂಟದ ಹಣಕಾಸು ಮಂತ್ರಿಗಳೇ ತಡೆಹಿಡಿದರು. ನಮ್ಮ ಪ್ರಕಾರ ಇದೇ ದೊಡ್ಡ ದೋಷ.

ಬಿಕ್ಕಟ್ಟು ಬಂದಾಗ ಅಪಮೌಲ್ಯ ಮಾಡಲು, ಅಂದರೆ ಮೌಲ್ಯ ಇಳಿಸಲು, ಸ್ವಂತ ಕರೆನ್ಸಿ ಇರುವುದಿಲ್ಲ. ರಫ್ತು ಅಗ್ಗವಾಗಬೇಕಾದರೆ ಸಂಬಳವನ್ನೇ ಇಳಿಸಬೇಕು. 2012ರಲ್ಲಿ ಗ್ರೀಸ್ ಕನಿಷ್ಠ ವೇತನವನ್ನು ಶೇ. 22ರಷ್ಟು ಕಡಿತ ಮಾಡಿತು, 25 ವರ್ಷದೊಳಗಿನವರಿಗೆ ಶೇ. 32. ಜನರ ಮನೆಸಾಲದ ಅಸಲು ಮಾತ್ರ ಹಾಗೇ ಉಳಿಯಿತು.

ಸೇರಲು ಹೊರಟ ದೇಶಗಳು ಪಿಂಚಣಿ, ತೆರಿಗೆ ಸುಧಾರಣೆಯನ್ನು ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು.