ಇಂಧನದ ಮುಳ್ಳು ಹೇಳುವ ಇತಿಹಾಸ: ಯುದ್ಧವಿಮಾನ ಸಿಮ್ಯುಲೇಟರ್ ನಕ್ಷೆಗಳ ಹೋಲಿಕೆ

ಯುದ್ಧವಿಮಾನ ಸಿಮ್ಯುಲೇಟರ್‌ಗೆ ಹೊಸ ನಕ್ಷೆ ಬಂದಾಗಲೆಲ್ಲ ಮೊದಲ ಚರ್ಚೆ ಮರಗಳ ಬಗ್ಗೆ. ಎಲೆಗಳು ಸಹಜವಾಗಿವೆಯೇ, ಕಡಲಿನ ಮೇಲೆ ಬಿಸಿಲು ಹೇಗೆ ಹೊಳೆಯುತ್ತದೆ, ಕಟ್ಟಡಗಳಿಗೆ ಕಿಟಕಿಗಳಿವೆಯೇ ಎಂದೆಲ್ಲ ವಿಚಾರಿಸುತ್ತಾರೆ. ಗಂಟೆಗೆ ಎಂಟುನೂರು ಕಿಲೋಮೀಟರ್ ವೇಗದಲ್ಲಿ ಹೋಗುವವನಿಗೆ ಕಿಟಕಿ ಎಣಿಸುವ ಪುರುಸೊತ್ತು ಎಲ್ಲಿಂದ ಬರುತ್ತದೆಯೋ ನನಗಂತೂ ತಿಳಿಯದು. ನನ್ನ ಅಳತೆಗೋಲು ಬೇರೆ. ಆ ನೆಲದ ಮೇಲೆ ಯುದ್ಧ ಹಾಗೆಯೇ ಏಕೆ ನಡೆಯಿತು ಎಂಬುದು ಹಾರುತ್ತಾ ಹಾರುತ್ತಾ ಮನಸ್ಸಿಗೆ ಇಳಿಯಬೇಕು. ದೂರ, ಎತ್ತರ, ಇಂಧನ, ಅಡಗಲು ಒಂದು ಗುಡ್ಡ: ಇವಿಷ್ಟು ಸರಿಯಾಗಿದ್ದರೆ ಮರಗಳು ಹಸಿರು ಕಡ್ಡಿಗಳಂತಿದ್ದರೂ ನನಗೆ ಬೇಸರವಿಲ್ಲ.

ಈ ಅಳತೆಗೋಲು ಹಿಡಿದು ನೋಡಲು ಇಂಗ್ಲಿಷ್ ಕಡಲ್ಗಾಲುವೆ ಒಳ್ಳೆಯ ಆರಂಭ. ಒಂದೇ ಕರಾವಳಿಯನ್ನು ಎರಡು ಸಿಮ್ಯುಲೇಟರ್‌ಗಳು ಎರಡು ಕಾಲಗಳಲ್ಲಿ ಕಟ್ಟಿಕೊಟ್ಟಿವೆ. ‘ಕ್ಲಿಫ್ಸ್ ಆಫ್ ಡೋವರ್’ 1940ರ ಬ್ರಿಟನ್ ಕದನದ್ದು. ಡಿಸಿಎಸ್ (ಡಿಜಿಟಲ್ ಕಾಂಬ್ಯಾಟ್ ಸಿಮ್ಯುಲೇಟರ್) ಎಂಬ ಸಿಮ್ಯುಲೇಟರಿನ ‘ದಿ ಚಾನೆಲ್’ 1944ರ ಆಸುಪಾಸಿನದು. ಮೊದಲನೆಯದರಲ್ಲಿ ಜರ್ಮನ್ ಯುದ್ಧವಿಮಾನ ಬಿಎಫ್ 109 ಹತ್ತಿ ಫ್ರಾನ್ಸ್ ಕರಾವಳಿಯ ಕ್ಯಾಲೆಯ ಬಳಿಯಿಂದ ಮೇಲೇರಿ. ಡೋವರ್ ಬರೀ 34 ಕಿಲೋಮೀಟರ್ ದೂರ, ಕಣ್ಣಿಗೇ ಕಾಣುತ್ತದೆ. ಲಂಡನ್ ಹಾಗಲ್ಲ. ಬಾಂಬರ್‌ಗಳ ನಡಿಗೆಗೆ ಹೊಂದಿಕೊಂಡು ಅಲ್ಲಿಗೆ ತಲುಪುವಷ್ಟರಲ್ಲಿ ಇಂಧನದ ಮುಳ್ಳು ಅರ್ಧಕ್ಕಿಂತ ಕೆಳಗಿರುತ್ತದೆ. ಕಾದಾಟಕ್ಕೆ ಉಳಿಯುವುದು ಹತ್ತು ಹದಿನೈದು ನಿಮಿಷ. ಆಮೇಲೆ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಎದುರಿಗೆ ಇನ್ನೂ ಕಡಲು ಬಾಕಿ ಇರುತ್ತದೆ. 1940ರ ಸೆಪ್ಟೆಂಬರ್ 7ರಂದು ಜರ್ಮನಿ ವಾಯುನೆಲೆಗಳನ್ನು ಬಿಟ್ಟು ಲಂಡನ್ ಮೇಲೆ ಮುಗಿಬಿದ್ದದ್ದು ಎಂತಹ ತೀರ್ಮಾನ ಎಂದು ಆ ದೀಪ ಒಂದೇ ಸಾಲಿನಲ್ಲಿ ಹೇಳಿಬಿಡುತ್ತದೆ.

ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನದ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕೈಗೆ ತಾಗುತ್ತದೆ. ಹಿಂದೆ ಬಿದ್ದ ಜರ್ಮನ್ ಪೈಲಟ್ ಮೂತಿಯನ್ನು ಒಮ್ಮೆಲೇ ಕೆಳಕ್ಕೆ ಒತ್ತಿ ಜಾರಿಕೊಳ್ಳುತ್ತಾನೆ. ಅವನ ಎಂಜಿನ್‌ಗೆ ನೇರ ಇಂಧನ ಚಿಮ್ಮುವ ವ್ಯವಸ್ಥೆಯಿದೆ. ನೀವೂ ಹಾಗೇ ಒತ್ತಿದರೆ ಕಾರ್ಬ್ಯುರೇಟರ್ ಇರುವ ಮರ್ಲಿನ್ ಎಂಜಿನ್ ಕೆಮ್ಮಿ ಬಿಕ್ಕುತ್ತದೆ. ಹಾಗಾಗಿ ವಿಮಾನವನ್ನು ಮಗುಚಿ ಎಳೆದು ಹಿಂಬಾಲಿಸಬೇಕು, ಅಷ್ಟರಲ್ಲಿ ಅವನು ದೂರ. ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ರೂಪಿಸಿದ ಪುಟ್ಟ ಲೋಹದ ತಡೆಬಿಲ್ಲೆ 1941ರಲ್ಲಿ ಈ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು. 1944ರ ನಕ್ಷೆಯಲ್ಲಿ ಸಂಚಾರವೇ ತಿರುಗುಮುರುಗು: ಈಗ ಬ್ರಿಟನ್ನಿನಿಂದ ಹೊರಟು ಫ್ರಾನ್ಸ್ ಕರಾವಳಿಯಲ್ಲಿ ಜರ್ಮನರ ಹಾರುವ ಬಾಂಬ್ ವಿ-1ರ ಉಡಾವಣಾ ತಾಣಗಳನ್ನು ಹುಡುಕುವ ಕೆಲಸ. ಕಾಕ್‌ಪಿಟ್‌ನ ಸೂಕ್ಷ್ಮಗಳು ಇದರಲ್ಲಿ ಬಹಳ ಮೇಲು, ಎಂಜಿನ್ ನಿರ್ವಹಣೆಯೂ ಹೆಚ್ಚು ಖಚಿತ. ಆದರೂ ಇತಿಹಾಸಕ್ಕಾಗಿ ಹಾರುವವರಿಗೆ ನನ್ನ ಮತ ಹಳೆಯ 1940ಕ್ಕೇ.

ದಕ್ಷಿಣ ಅಟ್ಲಾಂಟಿಕ್ ನಕ್ಷೆಯನ್ನು ಹೊಗಳುವವರು ಕಡಿಮೆ. ಬರೀ ನೀರು, ಬರೀ ಮೋಡ, ಅತ್ತ ದಕ್ಷಿಣ ಅಮೆರಿಕದ ತುದಿ, ಇತ್ತ ಫಾಕ್‌ಲೆಂಡ್ ದ್ವೀಪಗಳು ಎಂದು ದೂರುತ್ತಾರೆ. ಈ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಯುದ್ಧದ ತಿರುಳೇ ಆ ಬರೀ ನೀರು. ಅರ್ಜೆಂಟೀನಾದ ರಿಯೊ ಗ್ಯಾಲೆಗೋಸ್ ನೆಲೆಯಿಂದ ದ್ವೀಪಗಳ ರಾಜಧಾನಿ ಸ್ಟ್ಯಾನ್ಲಿಗೆ ಸುಮಾರು 800 ಕಿಲೋಮೀಟರ್. ಸ್ಟ್ಯಾನ್ಲಿಯ ರನ್‌ವೇ ವೇಗದ ಜೆಟ್‌ಗಳಿಗೆ ಚಿಕ್ಕದಾದ್ದರಿಂದ ಅರ್ಜೆಂಟೀನಾ ತನ್ನ ಮುಖ್ಯ ಯುದ್ಧವಿಮಾನಗಳನ್ನು ಮುಖ್ಯಭೂಮಿಯಿಂದಲೇ ಕಳುಹಿಸಬೇಕಾಯಿತು. ಸ್ಕೈಹಾಕ್‌ಗಳಿಗೆ ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳಲು ಕೆಸಿ-130 ಟ್ಯಾಂಕರ್‌ಗಳಿದ್ದವು, ಅವೂ ಎರಡೇ. ಮಿರಾಜ್ ಮತ್ತು ಡ್ಯಾಗರ್‌ಗಳಿಗೆ ಆ ಸೌಕರ್ಯವೂ ಇರಲಿಲ್ಲ.

ಡಿಸಿಎಸ್‌ನಲ್ಲಿ ಮಿರಾಜ್ III ಇಲ್ಲದ ಕಾರಣ ಅದರ ಬದಲು ಮಿರಾಜ್ ಎಫ್1 ಏರಿ ಹೊರಟು ನೋಡಿದೆ. ಅದಕ್ಕಿಂತ ದೂರ ಹಾರಬಲ್ಲ ವಿಮಾನವದು. ಹಾಗಿದ್ದೂ ದ್ವೀಪಗಳ ಮೇಲೆ ತಲುಪಿ ಸ್ವಲ್ಪ ಹೊತ್ತು ಆಫ್ಟರ್‌ಬರ್ನರ್ (ಹೆಚ್ಚು ಇಂಧನ ಸುಟ್ಟು ವೇಗ ಕೊಡುವ ವ್ಯವಸ್ಥೆ) ಹೊತ್ತಿಸಿದರೆ ಸಾಕು, ಮರಳಿ ಬರುವ ಲೆಕ್ಕ ತಪ್ಪುತ್ತದೆ. ಬ್ರಿಟನ್ನಿನ ಸೀ ಹ್ಯಾರಿಯರ್‌ಗಳು ಆಕಾಶದ ಕಾದಾಟದಲ್ಲಿ ಒಂದನ್ನೂ ಕಳೆದುಕೊಳ್ಳದೆ ಇಪ್ಪತ್ತು ವಿಮಾನಗಳನ್ನು ಉರುಳಿಸಿದ ಕಥೆಯಲ್ಲಿ ಸೈಡ್‌ವೈಂಡರ್ ಕ್ಷಿಪಣಿಗೆ ಸಿಕ್ಕಷ್ಟು ಹೆಸರು ಈ ಇಂಧನದ ಲೆಕ್ಕಕ್ಕೆ ಸಿಗಲಿಲ್ಲ. ಎದುರಾಳಿಗೆ ತಿರುಗಿ ನಿಲ್ಲಲು ಪುರುಸೊತ್ತೇ ಇರಲಿಲ್ಲ.

ಈ ನಕ್ಷೆಯಲ್ಲಿ ನಾನು ಮತ್ತೆ ಮತ್ತೆ ಹೋಗುವ ಜಾಗ ಸ್ಯಾನ್ ಕಾರ್ಲೋಸ್ ಕೊಲ್ಲಿ. ಮೇ 21ರಂದು ಬ್ರಿಟಿಷ್ ಪಡೆ ಇಲ್ಲಿ ದಡ ಸೇರಿತು. ಸುತ್ತಲಿನ ಗುಡ್ಡಗಳು ಹಡಗುಗಳನ್ನು ಅರ್ಜೆಂಟೀನಾದ ಎಕ್ಸೊಸೆ ಕ್ಷಿಪಣಿಯಿಂದ ಕಾಪಾಡುತ್ತವೆ ಎಂಬುದು ಲೆಕ್ಕಾಚಾರ, ಅದು ನಿಜವೂ ಹೌದು. ಆದರೆ ಅದೇ ಗುಡ್ಡಗಳು ಹಡಗಿನ ರಾಡಾರ್‌ನ ಕಣ್ಣಿಗೂ ಅಡ್ಡ. ನೆಲಕ್ಕೆ ಅಂಟಿಕೊಂಡು ಗುಡ್ಡದ ಹಿಂದಿನಿಂದ ಬಂದು ಏಣು ದಾಟಿ ನೋಡಿ: ಕೊಲ್ಲಿ ಒಮ್ಮೆಲೇ ತೆರೆದುಕೊಳ್ಳುತ್ತದೆ, ಹಡಗನ್ನು ಗುರುತಿಸಿ ಗುರಿ ಹಿಡಿದು ಬಾಂಬ್ ಬಿಡಲು ಸಿಗುವುದು ಕೆಲವೇ ಸೆಕೆಂಡುಗಳು. ಕ್ಷಿಪಣಿಗಳಿಗೆ ಹೆದರಿ ಅಷ್ಟು ಕೆಳಗೆ ಬಂದದ್ದಕ್ಕೆ ದಂಡವೂ ಉಂಟು. ಬಾಂಬಿನ ಫ್ಯೂಸ್ ಸಜ್ಜಾಗುವ ಮುನ್ನವೇ ಅದು ಹಡಗಿಗೆ ಬಡಿದಿರುತ್ತದೆ, ಸಿಡಿಯುವುದಿಲ್ಲ. ಹಾಗೆ ಸಿಡಿಯದ ಬಾಂಬುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಳಿದುಕೊಂಡ ಬ್ರಿಟಿಷ್ ಹಡಗುಗಳು ಹಲವು. ಎಚ್‌ಎಂಎಸ್ ಆಂಟಿಲೋಪ್‌ನ ಅದೃಷ್ಟ ಮಾತ್ರ ಕೈಕೊಟ್ಟಿತು. ನಿಷ್ಕ್ರಿಯಗೊಳಿಸುತ್ತಿದ್ದಾಗಲೇ ಬಾಂಬ್ ಸಿಡಿದು ಅದು ಮುಳುಗಿತು.

ಇನ್ನು ಸಿನಾಯ್. ಒಂದೇ ನಕ್ಷೆಗೆ ಹಣ ಹಾಕುವುದಾದರೆ ಇದಕ್ಕೇ ಹಾಕಿ ಎನ್ನುತ್ತೇನೆ. ನಕ್ಷೆ ಇಂದಿನ ಕಾಲದ್ದು, ಆರಂಭದ ದಿನಗಳಲ್ಲಿ ಅದು ನನ್ನನ್ನು ಸ್ವಲ್ಪ ಕಾಡಿತು. ನೆಲ ಮಾತ್ರ ಬದಲಾಗಿಲ್ಲ. 1967ರ ಜೂನ್ 5ರ ಬೆಳಿಗ್ಗೆ ಇಸ್ರೇಲಿ ವಿಮಾನಗಳು ಮೆಡಿಟರೇನಿಯನ್ ಮೇಲೆ ಅಲೆಗಳಿಗೆ ತಾಗುವಷ್ಟು ಕೆಳಗೆ ಹಾರಿ, ತಿರುಗಿ ಈಜಿಪ್ಟಿನ ನೆಲೆಗಳ ಮೇಲೆ ಬಿದ್ದವು. ಮುಂಜಾನೆಯ ಕಾವಲು ವಿಮಾನಗಳು ಇಳಿದಿದ್ದವು, ನೈಲ್ ಮುಖಜಭೂಮಿಯ ಮಂಜು ಕರಗಿತ್ತು. ಆ ದಾರಿಯನ್ನು ಹಾರಿ ನೋಡುವುದು ಸುಲಭ, ಸ್ವಲ್ಪ ಸಪ್ಪೆಯೂ ಹೌದು. ನಿಂತ ವಿಮಾನಗಳನ್ನು ಸುಡುವುದರಲ್ಲಿ ಆಟವೇನಿದೆ?

1973 ಬೇರೆಯೇ ಮಾತು. ಅಕ್ಟೋಬರ್ 6ರ ಮಧ್ಯಾಹ್ನ ಈಜಿಪ್ಟ್ ಸೇನೆ ಸುಯೆಜ್ ಕಾಲುವೆ ದಾಟಿದಾಗ ಅದರ ಬೆನ್ನಿಗೆ ಕ್ಷಿಪಣಿಗಳ ಛತ್ರಿ ಇತ್ತು. ಎಫ್-4ಇ ಫ್ಯಾಂಟಮ್ ಡಿಸಿಎಸ್‌ನಲ್ಲಿ ಇರುವುದರಿಂದ ಇಸ್ರೇಲಿ ಪೈಲಟ್‌ನ ಪಾಡನ್ನು ಸರಿಯಾದ ವಿಮಾನದಲ್ಲೇ ಅನುಭವಿಸಬಹುದು. ಎತ್ತರದಲ್ಲಿ ಹೋದರೆ ನೆಲದಿಂದ ವಿಮಾನ ಹೊಡೆಯುವ ಎಸ್‌ಎ-2 ಮತ್ತು ಎಸ್‌ಎ-3 ಕ್ಷಿಪಣಿಗಳು. ಇಳಿದರೆ ಎಸ್‌ಎ-6. ಇನ್ನೂ ಇಳಿದು ಮರಳಿಗೆ ಮೈ ತಾಗಿಸಿದರೆ ವಿಮಾನ ಹೊಡೆಯುವ ತೋಪುಗಾಡಿ ಶಿಲ್ಕಾದ ನಾಲ್ಕು ಕೊಳವೆಗಳು, ಹೆಗಲ ಮೇಲಿಟ್ಟು ಹಾರಿಸುವ ಎಸ್‌ಎ-7. ಸಪಾಟು ನೆಲ, ಕಾಲುವೆಯ ಹತ್ತಿರ ಅಡಗಲು ಒಂದು ಗುಡ್ಡವಿಲ್ಲ.

ಹಾರುವ ಮುನ್ನ, ಸ್ವಂತ ಕಾರ್ಯಾಚರಣೆ ಕಟ್ಟಿಕೊಳ್ಳುವ ಮಿಷನ್ ಎಡಿಟರ್‌ನಲ್ಲಿ ಒಂದು ಕೆಲಸ ಮಾಡಿ. ಕಾಲುವೆಯ ಪಶ್ಚಿಮ ದಡದ ಉದ್ದಕ್ಕೂ ಎಸ್‌ಎ-6 ಬ್ಯಾಟರಿಗಳನ್ನು (ಕ್ಷಿಪಣಿ ತುಕಡಿಗಳನ್ನು) ಇಟ್ಟು ಅವುಗಳ ಅಪಾಯ ವಲಯದ ವೃತ್ತಗಳನ್ನು ನೋಡಿ. ವೃತ್ತಗಳು ಪೂರ್ವ ದಡದಿಂದ ಸ್ವಲ್ಪ ದೂರಕ್ಕೆ ಮುಗಿಯುತ್ತವೆ. ಈಜಿಪ್ಟಿನ ಸೇನೆಯೂ ದಾಟಿದ ಮೇಲೆ ಅಷ್ಟರಲ್ಲೇ ನಿಂತಿತ್ತು. ಅಕ್ಟೋಬರ್ 14ರಂದು ಅದರ ಟ್ಯಾಂಕ್‌ಗಳು ಛತ್ರಿಯಿಂದ ಹೊರಗೆ ಹೊರಟು ಒಂದೇ ದಿನದಲ್ಲಿ ಇನ್ನೂರಕ್ಕೂ ಹೆಚ್ಚು ನಾಶವಾದವು. ಬಳಿಕ ಇಸ್ರೇಲಿ ಪಡೆ ಡೆವರ್ಸ್ವಾರ್ ಬಳಿ ಕಾಲುವೆ ದಾಟಿತು, ವಿಮಾನಗಳಿಗೆ ಸುಲಭಕ್ಕೆ ಬಗ್ಗದ ಕ್ಷಿಪಣಿ ತಾಣಗಳನ್ನು ನೆಲದ ಮೇಲಿನ ಟ್ಯಾಂಕ್‌ಗಳು ಒಡೆದವು. ಆಕಾಶದ ಬಾಗಿಲನ್ನು ಭೂಸೇನೆ ತೆರೆದುಕೊಟ್ಟದ್ದು ಹೀಗೆ. ಎಡಿಟರ್‌ನಲ್ಲಿ ಒಂದೊಂದೇ ಬ್ಯಾಟರಿ ಅಳಿಸುತ್ತಾ ಹಾರಿದರೆ, ಆ ವ್ಯತ್ಯಾಸ ಎಷ್ಟೆಂದು ಮೈಗೇ ತಿಳಿಯುತ್ತದೆ.

ಇದರ ಜೊತೆಗಿಟ್ಟು ನೋಡಬೇಕಾದದ್ದು ಸಿರಿಯಾ ನಕ್ಷೆ. ಅದೇ ಎಸ್‌ಎ-6, ಒಂಬತ್ತು ವರ್ಷ ಆಮೇಲೆ, ಲೆಬನಾನಿನ ಬೆಕಾ ಕಣಿವೆಯಲ್ಲಿ. 1982ರ ಜೂನ್ 9ರಂದು ಇಸ್ರೇಲಿ ವಾಯುಪಡೆ ಅಲ್ಲಿದ್ದ ಸಿರಿಯಾದ ಬ್ಯಾಟರಿಗಳಲ್ಲಿ ಹೆಚ್ಚಿನವನ್ನು ಒಂದೇ ದಿನದಲ್ಲಿ ಮುಗಿಸಿತು. ಪೈಲಟ್ ಇಲ್ಲದ ವಿಮಾನಗಳನ್ನು ಮುಂದೆ ಬಿಟ್ಟು ರಾಡಾರ್‌ಗಳನ್ನು ಎಬ್ಬಿಸಿದ ತಂತ್ರ ಎಲ್ಲರಿಗೂ ಗೊತ್ತು. ನೆಲದ ಪಾತ್ರ ಗೊತ್ತಾಗುವುದು ಹಾರಿದಾಗ. ಪಶ್ಚಿಮಕ್ಕೆ ಮೂರು ಸಾವಿರ ಮೀಟರ್ ಮುಟ್ಟುವ ಲೆಬನಾನ್ ಪರ್ವತ, ಪೂರ್ವಕ್ಕೆ ಇನ್ನೊಂದು ಶ್ರೇಣಿ, ನಡುವಿನ ತಗ್ಗಿನಲ್ಲಿ ಕ್ಷಿಪಣಿಗಳು. ಕಡಲ ಕಡೆಯಿಂದ ಪರ್ವತದ ಮರೆಯಲ್ಲಿ ಬರುವವನು ಅವುಗಳಿಗೆ ಕಾಣುವುದೇ ಇಲ್ಲ. ವೈವಿಧ್ಯದಲ್ಲಿ ಸಿರಿಯಾ ಸಿನಾಯ್‌ಗಿಂತ ಮುಂದು, ಹೆಲಿಕಾಪ್ಟರ್ ಪ್ರಿಯರಿಗಂತೂ ಇದೇ ಸರಿ. ನಗರಗಳು ದಟ್ಟ, ಹಳೆಯ ಕಂಪ್ಯೂಟರ್ ಇರುವವರು ಮೊದಲು ಮೆಮೊರಿ ನೋಡಿಕೊಳ್ಳಲಿ.

ಕಾಕಸಸ್ ನಕ್ಷೆ ಡಿಸಿಎಸ್ ಜೊತೆ ಉಚಿತವಾಗಿ ಸಿಗುತ್ತದೆ ಎಂದು ತಾತ್ಸಾರ ಬೇಡ. ರಷ್ಯಾ ಜೊತೆಗಿನ 2008ರ ಆಗಸ್ಟ್ ಯುದ್ಧದ ಜಾರ್ಜಿಯಾ ಇದರಲ್ಲಿದೆ, ವಾಯವ್ಯ ಮೂಲೆಯಲ್ಲಿ ಜರ್ಮನರು ಮತ್ತು ಸೋವಿಯತ್ ಪಡೆಗಳು ಕಾದಾಡಿದ 1943ರ ಕುಬಾನ್ ಕದನದ ನೆಲವೂ ಇದೆ. ಐರಾಕೋಬ್ರಾ ವಿಮಾನ ಹಾರಿಸುತ್ತಿದ್ದ ಸೋವಿಯತ್ ಪೈಲಟ್ ಪೊಕ್ರಿಶ್ಕಿನ್ ಮೆಟ್ಟಿಲುಮೆಟ್ಟಿಲಾಗಿ ಎತ್ತರ ಹಂಚಿಕೊಂಡು ಹೋರಾಡುವ ಕ್ರಮವನ್ನು ಬೆಳೆಸಿದ್ದು ಅಲ್ಲೇ. ಆ ಕದನವೇ ಬೇಕೆಂದರೆ ‘ಐಎಲ್-2’ ಸರಣಿಯ ಕುಬಾನ್ ನಕ್ಷೆ ಮೇಲು.

ಸಿನಾಯ್ ಕೊಂಡು ಫ್ಯಾಂಟಮ್‌ಗೆ ಹಣ ಸಾಲದಿದ್ದರೆ ಮಿಗ್-21 ಹತ್ತಿ ಈಜಿಪ್ಟಿನ ಕಡೆಯಿಂದ ಹಾರಿ. ಸಿಮ್ಯುಲೇಟರ್‌ನಲ್ಲಿರುವ ‘ಬಿಸ್’ ಮಾದರಿ ಆ ಯುದ್ಧದಲ್ಲಿ ಈಜಿಪ್ಟ್ ಹಾರಿಸಿದ ಮಾದರಿಗಳಿಗಿಂತ ಈಚಿನದು, ಶಿಸ್ತಿನವರು ಮೂಗು ಮುರಿಯಬಹುದು. ಸಿಮ್ಯುಲೇಟರ್‌ನ ಕ್ಷಿಪಣಿಗಳು ತಮ್ಮವರನ್ನು ತಪ್ಪದೆ ಗುರುತಿಸುತ್ತವೆ, ನಿಜವಾದ ಯುದ್ಧದಲ್ಲಿ ಹಾಗಿರಲಿಲ್ಲ. ಸ್ವಂತ ಛತ್ರಿಯ ಕೆಳಗೇ ಪ್ರಾಣ ಬಿಟ್ಟ ಅರಬ್ ಪೈಲಟ್‌ಗಳಿದ್ದರು. ಆದ್ದರಿಂದ ಕಾಲುವೆಯ ಪಶ್ಚಿಮಕ್ಕೆ ಒಂದೆರಡು ಬ್ಯಾಟರಿಗಳನ್ನು ಬೇಕೆಂದೇ ಶತ್ರುಪಕ್ಷಕ್ಕೆ ಸೇರಿಸಿ, ಮರಳಿ ಇಳಿಯುವ ದಾರಿಯನ್ನು ಅವುಗಳ ನಡುವೆ ಹುಡುಕಿಕೊಳ್ಳಿ.