ಪದ್ಮಿನಿಗೆ ಬಲ ಬೇಕಾ? ಕಾರ್ಬ್ಯುರೇಟರ್ ಮೊದಲಾ, ಹೆಡ್ ಮೊದಲಾ?

ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಎಂಜಿನ್ 1089 ಸಿಸಿ, ಸುಮಾರು 40 ಅಶ್ವಶಕ್ತಿ. ಮಂಗಳೂರಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಹೋಗಲು ಇಷ್ಟು ಸಾಕು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಮಾತ್ರ ಏದುಸಿರು ಬಿಡುತ್ತದೆ, ಅಲ್ವಾ?

ಸುಲಭದ ದಾರಿ ದೊಡ್ಡ ಕಾರ್ಬ್ಯುರೇಟರ್ (ಗಾಳಿ-ಪೆಟ್ರೋಲ್ ಬೆರೆಸುವ ಭಾಗ), ಫ್ರೀ-ಫ್ಲೋ ಸೈಲೆನ್ಸರ್ (ಹೊಗೆ ಸರಾಗವಾಗಿ ಹೊರಹೋಗುವಂಥದ್ದು). ಬೇಡವಾದರೆ ಹಳೆಯದನ್ನೇ ವಾಪಸ್ ಕೂರಿಸಬಹುದು. ಆದರೆ ಹೆಡ್ಡಿನ (ಸಿಲಿಂಡರ್ ಮೇಲಿನ ಮುಚ್ಚಳ) ಪೋರ್ಟ್, ಅಂದರೆ ಗಾಳಿ ಹಾಯುವ ದಾರಿ, ಕಿರಿದಾಗಿಯೇ ಉಳಿದರೆ ಹೆಚ್ಚು ಗಾಳಿ ಒಳಗೆ ಹೋಗುವುದಾದರೂ ಹೇಗೆ? ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಹೊಂದದಿದ್ದರೆ ಸುಮ್ನೆ ಪೆಟ್ರೋಲ್ ಕುಡಿಯುತ್ತದೆ. ಶಬ್ದ ಜಾಸ್ತಿ, ಎಳೆತ ಅಷ್ಟಕ್ಕಷ್ಟೆ. ಸಾದಾ ಕಬ್ಬಿಣದ ಸೈಲೆನ್ಸರನ್ನು ನಮ್ಮ ಉಪ್ಪುಗಾಳಿ ಬೇಗ ತಿಂದುಬಿಡುತ್ತದೆ, ಸ್ಟೇನ್‌ಲೆಸ್ ಸ್ಟೀಲೇ ಇರಲಿ.

ಹೆಡ್ ಇಳಿಸಿ ಪೋರ್ಟ್ ನಯ ಮಾಡಿಸಿ, ತಳ ಸ್ವಲ್ಪ ತೆಗೆಸಿದರೆ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಏರುತ್ತದೆ. ಏರಿನಲ್ಲಿ ಅದು ಗೊತ್ತಾಗುತ್ತದೆ. ಖರ್ಚು ಹೆಚ್ಚು, ತೆಗೆದ ಲೋಹ ಮತ್ತೆ ಬರುವುದಿಲ್ಲ. ಅತಿಯಾದರೆ ಎಂಜಿನ್ ಟಕಟಕ ಬಡಿಯುತ್ತದೆ (ನಾಕಿಂಗ್). ಆದರೂ ನನ್ನ ಓಟು ಇದಕ್ಕೇ. ಪಿಸ್ಟನ್ ರಿಂಗ್ ಸವೆದಿದ್ದರೆ ಎರಡೂ ದಂಡ, ಮೊದಲು ಕಂಪ್ರೆಶನ್ ಅಳತೆ ಮಾಡಿಸಿ.

ಅದೇ ಕಂಪನಿಯ 118ಎನ್‌ಇ ಕಾರಿನ 1171 ಸಿಸಿ ನಿಸ್ಸಾನ್ ಎಂಜಿನ್ ಕೂರಿಸುವ ಆಸೆಯೇ? ಆರ್‌ಟಿಒ ಅನುಮತಿ ಇಲ್ಲದೆ ಕೈಹಾಕಬೇಡಿ.

ಮತ್ತೆ, ಬ್ರೇಕನ್ನೂ ಮರೆಯಬೇಡಿ: ನಾಲ್ಕೂ ಚಕ್ರಕ್ಕೆ ಇರುವುದು ಬಿಸಿಯೇರಿದರೆ ಹಿಡಿತ ಕಮ್ಮಿಯಾಗುವ ಡ್ರಮ್ ಬ್ರೇಕು. ಘಾಟಿ ಇಳಿಯುವುದೂ ಇದೆಯಲ್ಲ!